ಅಭಯದಾನಕ್ಕೆ ಪರಿಮಾಣವುಂಟೆ?

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಕ್ರಿ.ಶ. ಸುಮಾರು 600ರ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಪತ್ತು ಒದಗಲಿದೆಯೆಂದು ಭದ್ರಬಾಹುಸ್ವಾಮಿಗಳು ಮುನ್ನರಿತರೆಂದೂ ಸಂಘವೆಲ್ಲವೂ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಬಂದಿತೆಂದೂ ಅದು ಸಾರುತ್ತದೆ. ಕನ್ನಡನಾಡಿನ ಜೈನಪರಂಪರೆಯು ತನ್ನ ಕಥೆಯನ್ನು ಆರಂಭಿಸುವುದೇ ವಲಸೆಯಿಂದ.

ಒಂದು ದೇಶವು ಎಷ್ಟು ಮಂದಿ ವಲಸಿಗರನ್ನು ಸ್ವೀಕರಿಸಬೇಕೆಂಬ ಚರ್ಚೆಗೆ ಈ ನಾಡಿನಲ್ಲಿಯೇ ಇನ್ನೊಂದು ನಿದರ್ಶನವಿದೆ. 1959ರಲ್ಲಿ ದಲಾಯಿ ಲಾಮಾ ಅವರನ್ನು ಅನುಸರಿಸಿ ಸಾವಿರಾರು ಟಿಬೆಟನ್ನರು ಭಾರತಕ್ಕೆ ಬಂದರು. ಪ್ರಧಾನಿ ನೆಹರೂ ರಾಜ್ಯಗಳ ನೆರವು ಕೋರಿದಾಗ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಯ ಮೇಲೆ ಒದಗಿಸಿತು. ಬಂದವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳ ಕಡೆಯೂ ಇಂತಹ ನೆಲೆಗಳಾದವು.

ಊರಿನಲ್ಲಿಯೇ ಭೂಹೀನರಿರುವಾಗ ಹೊರಗಿನವರಿಗೆ ಭೂಮಿಯೇಕೆ ಎಂಬ ಪ್ರಶ್ನೆ ಅನ್ಯಾಯದ್ದಲ್ಲ. ಕಡಿದ ಕಾಡು ವನ್ಯಜೀವಿಗಳ ಮನೆಯಾಗಿತ್ತೆಂಬುದನ್ನೂ ಅಹಿಂಸಾವಾದಿಯು ಮರೆಯಲಾಗದು. 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಡಂಬಡಿಕೆಗೆ ಭಾರತವು ಸೇರಿಲ್ಲ. ಅಂದು ಭೂಮಿ ಕೊಡಿಸಿದ್ದು ಆ ಒಡಂಬಡಿಕೆಯ ನಿರ್ಬಂಧವಲ್ಲ, ಆಳುವವರ ವಿವೇಕ.

ಶ್ರಾವಕನಿಗೆ ಚತುರ್ವಿಧ ದಾನಗಳಲ್ಲಿ ಅಭಯದಾನವುಂಟು; ಅಣುವ್ರತಗಳಲ್ಲಿ ಪರಿಗ್ರಹಪರಿಮಾಣವೂ ಉಂಟು. ಪರಿಮಾಣವು ತನ್ನ ಸಂಗ್ರಹಕ್ಕೆ ತಾನೇ ಹಾಕಿಕೊಳ್ಳುವ ಎಲ್ಲೆಯೇ ಹೊರತು ಕರುಣೆಗೆ ಕಟ್ಟುವ ಬೇಲಿಯಲ್ಲ. ಆದುದರಿಂದ ಪ್ರಾಣಭಯದಿಂದ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳುವುದು ಸಲ್ಲದು. ಲಾಭವನ್ನರಸಿ ಬರುವವರ ಸಂಖ್ಯೆಯನ್ನು ಮಾತ್ರ ನೆಲ, ನೀರು, ದುಡಿಮೆಗಳ ಜಮಾಖರ್ಚು ನೋಡಿ ನಿರ್ಧರಿಸುವುದು ಯುಕ್ತ. ಆ ಲೆಕ್ಕ ಬರೆಯುವಾಗ, ತಮ್ಮ ಪೂರ್ವಜರೂ ಒಮ್ಮೆ ಬಂದವರೇ ಎಂಬ ಬಾಬ್ತನ್ನು ಯಾರೂ ಬಿಟ್ಟುಬಿಡಬಾರದು.