ಚಾಟಿಯೇಟನ್ನು ವಿರೋಧಿಸಿದ ನೌಕಾಧಿಕಾರಿ: ಯುರಾಯಾ ಫಿಲಿಪ್ಸ್ ಲೆವಿ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಅಮೆರಿಕದ ಯುದ್ಧನೌಕೆಗಳಲ್ಲಿ ಶಿಸ್ತಿನ ಮುಖ್ಯ ಸಾಧನವಾಗಿದ್ದುದು ಒಂಬತ್ತು ಎಳೆಗಳ ಚಾಟಿ. ವಿಚಾರಣೆಯಿಲ್ಲದೆಯೇ ನಾವಿಕನೊಬ್ಬನಿಗೆ ಹನ್ನೆರಡು ಏಟುಗಳವರೆಗೆ ಕೊಡಿಸುವ ಅಧಿಕಾರ ಕ್ಯಾಪ್ಟನ್‌ನಿಗಿತ್ತು. ಈ ಪದ್ಧತಿಯನ್ನು ನೌಕಾದಳದ ಒಳಗಿನಿಂದಲೇ ಪ್ರಶ್ನಿಸಿದವರಲ್ಲಿ ಯುರಾಯಾ ಫಿಲಿಪ್ಸ್ ಲೆವಿ ಪ್ರಮುಖನು.

1792ರಲ್ಲಿ ಫಿಲಡೆಲ್ಫಿಯಾದ ಯೆಹೂದಿ ಕುಟುಂಬದಲ್ಲಿ ಜನಿಸಿದ ಲೆವಿ ಹತ್ತನೆಯ ವಯಸ್ಸಿನಲ್ಲಿಯೇ ಮನೆಬಿಟ್ಟು ಹಡಗು ಸೇರಿದನು. 1812ರಲ್ಲಿ ಆರಂಭವಾದ ಯುದ್ಧದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕಿ, ಇಂಗ್ಲೆಂಡಿನ ಡಾರ್ಟ್‌ಮೂರ್ ಸೆರೆಮನೆಯಲ್ಲಿ ದಿನಗಳನ್ನು ಕಳೆದನು. 1817ರಲ್ಲಿ ಲೆಫ್ಟಿನೆಂಟ್ ಆದನು. ಕೆಳಗಿನ ಶ್ರೇಣಿಯಿಂದ ಮೇಲೇರಿ ಬಂದ ಈ ಯೆಹೂದಿಯನ್ನು ಸಮಾನನೆಂದು ಒಪ್ಪಲು ಅನೇಕ ಸಹೋದ್ಯೋಗಿಗಳು ಸಿದ್ಧರಿರಲಿಲ್ಲ. ಲೆವಿಯೂ ಅವಮಾನ ಸಹಿಸುವವನಲ್ಲ. ದ್ವಂದ್ವಯುದ್ಧವೊಂದರಲ್ಲಿ ಎದುರಾಳಿಯನ್ನು ಕೊಂದನು. ಆರು ಬಾರಿ ಸೇನಾ ನ್ಯಾಯಾಲಯದ ಮುಂದೆ ನಿಂತನು.

1838ರಲ್ಲಿ 'ವಂಡಾಲಿಯಾ' ನೌಕೆಯ ಅಧಿಪತ್ಯ ದೊರೆತಾಗ ಅವನು ಅಲ್ಲಿ ಚಾಟಿಗೆ ಬದಲಾಗಿ ಲಘು ಶಿಕ್ಷೆಗಳನ್ನು ಜಾರಿಗೆ ತಂದನು. ಅಧಿಕಾರಿಯೊಬ್ಬನನ್ನು ಅಣಕಿಸಿದ ಹುಡುಗನಿಗೆ ಚಾಟಿಯೇಟಿನ ಬದಲು ಮೈಗೆ ತುಸು ಡಾಂಬರು ಹಚ್ಚಿಸಿ, ಗಿಳಿಯ ಪುಕ್ಕಗಳನ್ನು ಅಂಟಿಸಿದನು. ಚಾಟಿ ಬೀಸಿದವರನ್ನು ಕೇಳದ ವ್ಯವಸ್ಥೆ, ಈ ಪುಕ್ಕಗಳ ಕಾರಣಕ್ಕೆ 1842ರಲ್ಲಿ ಅವನನ್ನು ಸೇವೆಯಿಂದ ವಜಾಗೊಳಿಸುವ ತೀರ್ಪು ನೀಡಿತು. ಅಧ್ಯಕ್ಷ ಜಾನ್ ಟೈಲರ್ ಆ ಶಿಕ್ಷೆಯನ್ನು ತಗ್ಗಿಸಿದುದರಿಂದ ಲೆವಿ ಉಳಿದುಕೊಂಡನು. ಸೆನೆಟರ್ ಜಾನ್ ಹೇಲ್ ಮೊದಲಾದವರ ಪ್ರಯತ್ನದ ಫಲವಾಗಿ 1850ರಲ್ಲಿ ಕಾಂಗ್ರೆಸ್ ಚಾಟಿಯೇಟನ್ನು ನಿಷೇಧಿಸಿತು. ಲೆವಿಯ ಪ್ರಯೋಗ ಮತ್ತು ಬರಹಗಳಿಗೆ ಆ ಚಳವಳಿಯಲ್ಲಿ ಸ್ಥಾನವಿದೆ.

1855ರಲ್ಲಿ ನೌಕಾದಳದ ಮಂಡಳಿಯೊಂದು ಅವನನ್ನು ಸೇವಾಪಟ್ಟಿಯಿಂದ ಕೈಬಿಟ್ಟಿತು. 1857ರ ಮರುವಿಚಾರಣೆಯಲ್ಲಿ, ತನ್ನ ಧರ್ಮದ ಬಗೆಗಿನ ದ್ವೇಷವೇ ಇದರ ಹಿಂದಿದೆಯೆಂದು ಅವನು ವಾದಿಸಿದನು. ನೌಕಾಖಾತೆಯ ಮಾಜಿ ಕಾರ್ಯದರ್ಶಿ, ಇತಿಹಾಸಕಾರ ಜಾರ್ಜ್ ಬ್ಯಾಂಕ್ರಾಫ್ಟ್ ಅವನ ಪರವಾಗಿ ಸಾಕ್ಷ್ಯ ನುಡಿದನು. ಹುದ್ದೆ ಮರಳಿತು, 1860ರಲ್ಲಿ ಮೆಡಿಟರೇನಿಯನ್ ನೌಕಾಪಡೆಯ ನಾಯಕತ್ವವೂ ಒದಗಿತು. 1862ರಲ್ಲಿ ಅವನು ನ್ಯೂಯಾರ್ಕಿನಲ್ಲಿ ನಿಧನನಾದನು.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಧಾರ್ಮಿಕ ಸ್ವಾತಂತ್ರ್ಯದ ಪ್ರತಿಪಾದಕನೆಂದು ಥಾಮಸ್ ಜೆಫರ್ಸನ್‌ನನ್ನು ಲೆವಿ ಆರಾಧಿಸುತ್ತಿದ್ದನು. 1830ರ ದಶಕದಲ್ಲಿ ಅವನ ಮನೆಯಾದ ಮಾಂಟಿಸೆಲ್ಲೊವನ್ನು ಕೊಂಡು, ಶಿಥಿಲಗೊಂಡಿದ್ದ ಕಟ್ಟಡವನ್ನು ದುರಸ್ತಿ ಮಾಡಿಸಿದನು. ಆದರೆ ಆ ಎಸ್ಟೇಟಿನಲ್ಲಿ ದುಡಿದವರಲ್ಲಿ ಅವನ ಒಡೆತನದ ಗುಲಾಮರೂ ಇದ್ದರು. ನಾವಿಕನ ಬೆನ್ನಿನ ಮೇಲಿನ ಗಾಯ ಕಂಡ ಕಣ್ಣಿಗೆ ತನ್ನದೇ ಅಂಗಳದಲ್ಲಿದ್ದ ದಾಸ್ಯವು ಅನ್ಯಾಯವಾಗಿ ಕಾಣಲಿಲ್ಲ.

ಲೆವಿಯ ಗೋರಿಕಲ್ಲು ಅವನನ್ನು ಚಾಟಿಯೇಟಿನ ನಿಷೇಧದ ಜನಕನೆಂದು ಸ್ಮರಿಸುತ್ತದೆ. ಆ ಗೌರವ ಅವನಿಗೆ ಸಲ್ಲತಕ್ಕದ್ದೇ. ಆದರೆ ಮಾಂಟಿಸೆಲ್ಲೊದ ಗುಲಾಮರನ್ನು ಬಿಟ್ಟು ಬರೆದ ಚರಿತ್ರೆ ಸ್ತುತಿಯಾದೀತು. ವಂಡಾಲಿಯಾದ ನಾವಿಕರನ್ನು ಬಿಟ್ಟು ಬರೆದದ್ದು ಬರಿಯ ದೋಷಾರೋಪವಾದೀತು. ಎರಡನ್ನೂ ಒಟ್ಟಿಗೆ ಇಟ್ಟಾಗಲೇ ಅದು ಚರಿತ್ರೆ.