ಚಿಕ್ಕೋಡಿ ಸೀಮೆಯಿಂದ ಕಾಲೇಜಿಗೆ

ಬೆಳಗಾವಿಯ ಉತ್ತರಕ್ಕಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳು ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ನಡುವೆ ಕೃಷ್ಣಾನದಿ ಹರಿಯುತ್ತದೆ. ಪಶ್ಚಿಮಕ್ಕೂ ಉತ್ತರಕ್ಕೂ ಮಹಾರಾಷ್ಟ್ರದ ಗಡಿ. ಕನ್ನಡ, ಮರಾಠಿ, ಉರ್ದು ಈ ಮೂರು ಭಾಷೆಗಳ ಶಾಲೆಗಳೂ ಇಲ್ಲಿ ಉಂಟು. ಲಿಂಗಾಯತರು, ಜೈನರು, ಮರಾಠರು, ಮುಸಲ್ಮಾನರು, ಕುರುಬರು, ದಲಿತರು ಒಂದೇ ಊರಿನಲ್ಲಿ ಬಾಳುತ್ತಾರೆ. ಇಂತಹ ನಾಡಿನ ಮಕ್ಕಳು ಊರ ಶಾಲೆಯಿಂದ ಕಾಲೇಜಿನ ಬಾಗಿಲನ್ನು ಮುಟ್ಟಿದ ಬಗೆ ಹೇಗೆಂಬುದನ್ನು ಈ ಭಾಷಣದಲ್ಲಿ ಸ್ವಲ್ಪಮಟ್ಟಿಗೆ ವಿಚಾರಿಸೋಣ.

ಮೊದಲು ಹಿಂದಿನ ಸ್ಥಿತಿಯನ್ನು ನೆನೆಯಬೇಕು. 1947ಕ್ಕೆ ಮೊದಲು ಈ ಸೀಮೆಗೆ ಒಬ್ಬನೇ ಒಡೆಯನಿರಲಿಲ್ಲ. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. ಕಾಗವಾಡದ ಮಗ್ಗುಲಲ್ಲಿಯೇ ಮೀರಜ, ಸಾಂಗಲಿ ಸಂಸ್ಥಾನಗಳಿದ್ದವು. ಆಳುವವರ ಭಾಷೆಯೇ ಶಾಲೆಯ ಭಾಷೆಯಾಗುವುದು ಆ ಕಾಲದ ರೂಢಿ. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಮುಂಬಯಿ ಕರ್ನಾಟಕದ ಎಷ್ಟೋ ಕನ್ನಡ ಮಕ್ಕಳು ಮರಾಠಿಯಲ್ಲಿಯೇ ಅಕ್ಷರಾಭ್ಯಾಸ ಮಾಡಬೇಕಾಗಿತ್ತು. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರೂ ವಿದ್ಯಾಧಿಕಾರಿ ರಸೆಲ್ ಸಾಹೇಬರೂ ಕನ್ನಡ ಶಾಲೆಗಳನ್ನು ಬೆಳೆಸಲು ಪಟ್ಟ ಶ್ರಮದಿಂದ ಈ ಸ್ಥಿತಿ ಬದಲಾಯಿತು. ಮಗುವು ತನ್ನ ಮನೆಯ ಮಾತಿನಲ್ಲಿ ಓದತೊಡಗಿದುದು ಕಾಲೇಜಿನ ದಾರಿಯ ಮೊದಲನೆಯ ಮೆಟ್ಟಲು.

ಆದರೆ ಆ ಮೆಟ್ಟಲಿನ ಮೇಲೆ ಇನ್ನೊಂದು ಕಡಿದಾದ ಮೆಟ್ಟಲಿತ್ತು. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ಇಂಗ್ಲಿಷು ಬಾರದೆ ದಾಟುವಂತಿರಲಿಲ್ಲ. ದಾಟಿದವನಿಗೂ ಹತ್ತಿರದಲ್ಲಿ ಕಾಲೇಜಿರಲಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜು 1880ರಲ್ಲಿಯೂ, ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿಯೂ, ಸಾಂಗಲಿಯ ವಿಲಿಂಗ್ಡನ್ ಕಾಲೇಜು 1919ರಲ್ಲಿಯೂ ಹುಟ್ಟಿದವು. ಮೀರಜದಿಂದ ಬೆಳಗಾವಿಗೆ ಹೋಗುವ ರೈಲುದಾರಿಯು ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ಹಾದುಹೋಗುತ್ತದೆ. ಉತ್ತರಕ್ಕೆ ಹೋದರೆ ಸಾಂಗಲಿ, ದಕ್ಷಿಣಕ್ಕೆ ಹೋದರೆ ಧಾರವಾಡ. ಸಾಂಗಲಿಗೆ ಹೋದ ವಿದ್ಯಾರ್ಥಿಗೆ ಕನ್ನಡ ತಪ್ಪುತ್ತಿರಲಿಲ್ಲ, ಅಲ್ಲಿ ರಂ. ಶ್ರೀ. ಮುಗಳಿಯವರಂತಹ ವಿದ್ವಾಂಸರು ದೀರ್ಘಕಾಲ ಕನ್ನಡದ ಪ್ರಾಧ್ಯಾಪಕರಾಗಿದ್ದರು.

ರೈಲಿನ ಚೀಟಿ ದೊರೆತರೂ ಪರಸ್ಥಳದಲ್ಲಿ ಊಟಕ್ಕೆಲ್ಲಿ, ಮಲಗುವುದಕ್ಕೆಲ್ಲಿ ಎಂಬ ಪ್ರಶ್ನೆ ಉಳಿಯುತ್ತಿತ್ತು. ಒಕ್ಕಲಿಗನ ಮಗನ ಓದು ನಿಂತುಹೋಗುತ್ತಿದ್ದುದು ಬಹುಮಟ್ಟಿಗೆ ಬುದ್ಧಿಯ ಕೊರತೆಯಿಂದಲ್ಲ, ಈ ಪ್ರಶ್ನೆಗೆ ಉತ್ತರವಿಲ್ಲದುದರಿಂದ. ಇದನ್ನು ಚೆನ್ನಾಗಿ ಅರಿತವರು ಕೊಲ್ಹಾಪುರದ ಶಾಹೂ ಮಹಾರಾಜರು. 1901ರಿಂದ ಮುಂದಕ್ಕೆ ಅವರ ಆಶ್ರಯದಲ್ಲಿ ಮರಾಠ, ಜೈನ, ಮುಸಲ್ಮಾನ, ಲಿಂಗಾಯತ, ಅಸ್ಪೃಶ್ಯ ಎನ್ನಿಸಿಕೊಂಡ ವರ್ಗ, ಹೀಗೆ ಒಂದೊಂದು ಸಮಾಜದ ಮಕ್ಕಳಿಗೂ ವಿದ್ಯಾರ್ಥಿನಿಲಯಗಳು ಎದ್ದವು. 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಕಾದಿರಿಸಿದುದರಿಂದ ಓದಿಗೊಂದು ಗುರಿಯೂ ದೊರೆಯಿತು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಲು ಆಜ್ಞೆಯಾಯಿತು. ರಾಯಬಾಗವೂ ಈ ರಾಜ್ಯದ್ದೇ ಆಗಿತ್ತೆಂಬುದನ್ನು ನಾವು ಮರೆಯಬಾರದು.

ಸಮಾಜದವರೂ ಸುಮ್ಮನೆ ಕುಳಿತಿರಲಿಲ್ಲ. ನಿಪ್ಪಾಣಿಗೆ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು. ಅಣ್ಣಾಸಾಹೇಬ ಲಠ್ಠೆಯವರು ಅದರ ಮುಂದಾಳುಗಳಲ್ಲೊಬ್ಬರು. ವಿದ್ಯಾರ್ಥಿನಿಲಯಗಳನ್ನು ನಡೆಸುವುದು ಆ ಸಭೆಯ ಮುಖ್ಯ ಕಾರ್ಯವಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ತಮ್ಮ ಆಸ್ತಿಯನ್ನು ವಿದ್ಯಾದಾನಕ್ಕೆ ಬಿಟ್ಟುಹೋದ ಶಿರಸಂಗಿ ಲಿಂಗರಾಜರ ಹೆಸರಿನ ಕಾಲೇಜನ್ನು ಅದೇ ಸಂಸ್ಥೆ 1933ರಲ್ಲಿ ತೆರೆಯಿತು. ಚಿಕ್ಕೋಡಿ ಸೀಮೆಯ ಮಕ್ಕಳಿಗೆ ತಮ್ಮ ಜಿಲ್ಲೆಯ ಊರಿನಲ್ಲಿಯೇ ಕಾಲೇಜು ಸಿಕ್ಕಿತು.

ಈ ಏರ್ಪಾಡಿನ ಹಿರಿಮೆಯ ಜೊತೆಗೆ ಅದರ ಮಿತಿಯನ್ನೂ ಹೇಳದಿದ್ದರೆ ಚರಿತ್ರೆಗೆ ನ್ಯಾಯವಾಗದು. ಒಂದೊಂದು ಜಾತಿಗೆ ಒಂದೊಂದು ಕದವಿದ್ದಾಗ, ಹಣವಂತ ಮುಂದಾಳುಗಳಿಲ್ಲದ ಜಾತಿಯ ಹುಡುಗನು ಬೀದಿಯಲ್ಲಿ ಉಳಿಯುತ್ತಿದ್ದನು. 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತು ಸೇರಿದಾಗ ಡಾಕ್ಟರ್ ಅಂಬೇಡ್ಕರರು ಅಧ್ಯಕ್ಷತೆ ವಹಿಸಿದರು. ಅದೇ ವರ್ಷದ ಆರಂಭದಲ್ಲಿ ಅವರ ಬಹಿಷ್ಕೃತ ಹಿತಕಾರಿಣೀ ಸಭೆಯು ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವೊಂದನ್ನು ತೆರೆದಿತ್ತು. 1929ರಲ್ಲಿ ಧಾರವಾಡದಲ್ಲಿಯೂ ಅಂತಹದೊಂದು ಆರಂಭವಾಯಿತು. ಸಭೆಯ ಮೊದಲ ಕೆಲಸಗಳಲ್ಲಿ ಒಂದು ಅನ್ನವೂ ಹಾಸಿಗೆಯೂ ಇರುವ ಮನೆಯನ್ನು ಒದಗಿಸುವುದೇ ಆಗಿತ್ತೆಂಬುದು ಗಮನಿಸತಕ್ಕ ಸಂಗತಿ.

ಸ್ವಾತಂತ್ರ್ಯದ ತರುವಾಯ ಗಡಿಗಳು ಬದಲಾದವು. 1949ರ ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿಯಲ್ಲಿ ವಿಲೀನವಾಗಿ, ರಾಯಬಾಗವು ಬೆಳಗಾವಿ ಜಿಲ್ಲೆಗೆ ಬಂದಿತು. 1956ರ ನವೆಂಬರ್ 1ರಂದು ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಕಾಲೇಜುಗಳೂ ಊರಿಗೇ ನಡೆದುಬಂದವು. ನಿಪ್ಪಾಣಿಗೆ ಅಂಟಿಕೊಂಡಿರುವ, ಆದರೆ ಮಹಾರಾಷ್ಟ್ರಕ್ಕೆ ಸೇರಿದ ಅರ್ಜುನನಗರದಲ್ಲಿ 1960ರಲ್ಲಿ ದೇವಚಂದ ಕಾಲೇಜು ಆರಂಭವಾಯಿತು. ನಿಪ್ಪಾಣಿಯೊಳಗೆ ಬಾಗೇವಾಡಿ ಕಾಲೇಜು, ಕಾಗವಾಡದಲ್ಲಿ ಶಿವಾನಂದ ಕಾಲೇಜು, ಅಥಣಿ ಚಿಕ್ಕೋಡಿಗಳಲ್ಲಿಯೂ ಕಾಲೇಜುಗಳು ಬೆಳೆದವು. ದೂರವೆಂಬ ತೊಡಕು ಬಹುಮಟ್ಟಿಗೆ ನೀಗಿತು. ಜಾತಿಯ ನಿಲಯಗಳ ಬಳಿಯಲ್ಲಿ ಸರ್ಕಾರದ ನಿಲಯಗಳೂ ನಿಂತವು.

ಉಳಿದಿರುವುದು ಭಾಷೆಯ ತೊಡಕು. ಕರ್ನಾಟಕದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಉರ್ದುವಿನಲ್ಲಿಯೂ ಬರೆಯಬಹುದು. ಪದವಿಪೂರ್ವ ವಿಜ್ಞಾನದ ತರಗತಿಗೆ ಬಂದೊಡನೆ ಪಾಠವು ಇಂಗ್ಲಿಷಿಗೆ ಹೊರಳುತ್ತದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯ ಮಗಳು, ಅಥಣಿಯಲ್ಲಿ ಚಪ್ಪಲಿ ಹೊಲಿಯುವವನ ಮಗ, ಹತ್ತು ವರ್ಷ ಒಂದು ಮಾತಿನಲ್ಲಿ ಕಲಿತ ರಸಾಯನಶಾಸ್ತ್ರವನ್ನು ಹನ್ನೊಂದನೆಯ ವರ್ಷ ಬೇರೊಂದು ಮಾತಿನಲ್ಲಿ ಮೊದಲಿನಿಂದ ಕಲಿಯಬೇಕಾಗುತ್ತದೆ. ಮರಾಠಿ ಶಾಲೆಯ ಮಗುವಿಗೆ ಇನ್ನೂ ಒಂದು ಇಕ್ಕಟ್ಟುಂಟು: ಗಡಿಯಾಚೆಯ ಕಾಲೇಜು ಹತ್ತಿರವಾದರೂ, ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶಕ್ಕೆ ರಾಜ್ಯದೊಳಗೆ ಓದಿದ ವರ್ಷಗಳ ಲೆಕ್ಕ ಕೇಳುತ್ತಾರೆ. ಹದಿನಾರು ವರ್ಷದ ಮಗುವೂ ಓದುಬರಹ ಕಾಣದ ತಂದೆತಾಯಿಗಳೂ ಒಂದು ಬೇಸಗೆಯಲ್ಲಿ ಇದನ್ನೆಲ್ಲ ತೂಗಿ ನೋಡಬೇಕು.

ಈ ಚರಿತ್ರೆಯಿಂದ ತಿಳಿಯುವುದೇನು? ಕಾಲೇಜಿಗೆ ಸಿದ್ಧಪಡಿಸುವುದೆಂದರೆ ಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಸುವುದೆಂದು ಈ ಸೀಮೆಯ ಹಿರಿಯರು ಎಂದೂ ತಿಳಿಯಲಿಲ್ಲ. ಮಗುವನ್ನು ತಡೆದಿರುವುದು ಯಾವುದೆಂದು ಮೊದಲು ನೋಡಿದರು. ಮನೆಮಾತಿನ ಶಾಲೆಯಿಲ್ಲದಾಗ ಶಾಲೆ ಕಟ್ಟಿದರು, ತಂಗಲು ನೆಲೆಯಿಲ್ಲದಾಗ ನಿಲಯ ಕಟ್ಟಿದರು, ದಾರಿ ದೂರವಾದಾಗ ಕಾಲೇಜನ್ನೇ ಹತ್ತಿರಕ್ಕೆ ತಂದರು. ಈಗಿನ ತಡೆ ಹತ್ತಕ್ಕೂ ಹನ್ನೊಂದಕ್ಕೂ ನಡುವಣ ಭಾಷೆಯ ಕಂದಕ. ಎಂಟನೆಯ ತರಗತಿಯಿಂದಲೇ ಶಾಸ್ತ್ರದ ಪದಗಳನ್ನು ಎರಡು ಭಾಷೆಗಳಲ್ಲಿ ಜೊತೆಜೊತೆಯಾಗಿ ಪರಿಚಯಿಸಿ, ಮೂರು ಮಾಧ್ಯಮಗಳ ಉಪಾಧ್ಯಾಯರು ಒಂದೆಡೆ ಕುಳಿತು ಅದಕ್ಕೆ ಬೇಕಾದ ಪಾಠಗಳನ್ನು ಸಿದ್ಧಪಡಿಸಿದರೆ, ಈ ಕಂದಕಕ್ಕೆ ಸೇತುವೆಯಾದೀತು. 1916ರಲ್ಲಿ ಏಳು ಮಂದಿ ಉಪಾಧ್ಯಾಯರಿಂದ ಅಷ್ಟು ದೊಡ್ಡ ಕಾರ್ಯವಾದ ಜಿಲ್ಲೆಯಲ್ಲಿ ಇದನ್ನು ಅಸಾಧ್ಯವೆನ್ನಲು ಕಾರಣವಿಲ್ಲ.