ಕುಂಬಳಕಾಯಿಗೆ ಬರೆದ ಮುಖ

2024ರ ಅಕ್ಟೋಬರ್ 31 ನರಕ ಚತುರ್ದಶಿ. ಬೆಂಗಳೂರಿನ ಮಗನ ಮನೆಯಲ್ಲಿ ಎಣ್ಣೆಸ್ನಾನ ಮುಗಿಸಿ ಕಾಫಿಯ ಲೋಟ ಹಿಡಿದು ಕುಳಿತಿದ್ದೆ. ಎಂಟು ವರ್ಷದ ಮೊಮ್ಮಗಳು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಒಂದು ಸಿಹಿಗುಂಬಳಕ್ಕೆ ಬಣ್ಣ ಬಳಿಯುತ್ತಿದ್ದಳು. ಎರಡು ಕಪ್ಪು ಕಣ್ಣು, ಗರಗಸದಂಥ ಹಲ್ಲು. ಸಂಜೆ ಆ ಕಟ್ಟಡದ ಮಕ್ಕಳೆಲ್ಲ ಸೇರಿ ಹ್ಯಾಲೋವೀನ್ ಆಚರಿಸುವವರಂತೆ. ನನ್ನ ಮುಖದಲ್ಲಿ ಅಸಮಾಧಾನ ಕಂಡಿತೋ ಏನೋ, "ಅಜ್ಜ, ನಿಮ್ಮ ಜಾವಳೀಲಿ ಹೀಗೆ ಮಾಡ್ತಿರಲಿಲ್ವಾ?" ಎಂದಳು. "ಇಲ್ಲಮ್ಮ, ಅದು ಪರದೇಶದ ಹಬ್ಬ" ಎಂದುಬಿಟ್ಟೆ. ಆಡಿದ ಮೇಲೆ, ಆಡಿದ ಮಾತು ಪೂರ್ತಿ ನಿಜವಲ್ಲವೆಂದು ತೋರಿತು.

ಜಾವಳಿ ಎಂದರೆ ಹೇಮಾವತಿ ಹುಟ್ಟುವ ಊರು. ಬಲ್ಲಾಳರಾಯನ ದುರ್ಗದ ಮಗ್ಗುಲಿನ ಮಳೆಯ ನಾಡು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಅಟ್ಟದಲ್ಲಿ ಬೂದುಗುಂಬಳಗಳು ಸಾಲಾಗಿ ಇರುತ್ತಿದ್ದವು. ಮೈಮೇಲಿನ ಬೂದಿ ಅಳಿಸದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಆ ಬೂದಿ ವಾಸ್ತವವಾಗಿ ಕಾಯಿ ತಾನೇ ಸುರಿಸಿಕೊಂಡ ಮೇಣ. ಹೊತ್ತವನ ಹೆಗಲಿಗೆ ಅದು ಅಂಟುತ್ತದೆಂದೇ "ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆ ಹುಟ್ಟಿದ್ದು.

ಹೊಸ ಮನೆ ಏಳುವಾಗ ಆ ಸಾಲಿನಿಂದ ಒಂದು ಕಾಯಿ ಕೆಳಗಿಳಿಯುತ್ತಿತ್ತು. ಮೇಸ್ತ್ರಿ ಒದ್ದೆಬಟ್ಟೆಯಿಂದ ಬೂದಿ ಒರೆಸುತ್ತಿದ್ದ; ಇಲ್ಲದಿದ್ದರೆ ಬಣ್ಣ ಹಿಡಿಯದು. ಸುಣ್ಣದಲ್ಲಿ ಕಣ್ಣಿನ ಬಿಳಿ, ಎಣ್ಣೆಯಲ್ಲಿ ಕಲಸಿದ ಮಸಿಯಿಂದ ಗುಡ್ಡೆ ಮತ್ತು ದಪ್ಪ ಮೀಸೆ, ಕುಂಕುಮದಲ್ಲಿ ಹೊರಚಾಚಿದ ನಾಲಗೆ. ರಾಕ್ಷಸ ಸಿದ್ಧನಾದ ಮೇಲೆ ಹಗ್ಗ ಕಟ್ಟಿ ಎದುರಿಗೆ ತೂಗುಹಾಕುವರು. ಕೊಳೆತರೆ ಅಮಾವಾಸ್ಯೆಗೆ ಬೇರೊಂದು. ಗದ್ದೆಯಲ್ಲಿ ಕರಿಮಡಕೆಗೆ ಸುಣ್ಣದ ಬೊಟ್ಟಿಟ್ಟು ಗೂಟಕ್ಕೆ ಕವುಚಿದ ಬೆದರುಬೊಂಬೆ ಇವನ ತಮ್ಮನೇ ಸರಿ. ಇಂದು ಬೆಂಗಳೂರಿನ ಹತ್ತಂತಸ್ತಿನ ಕಟ್ಟಡಗಳ ಮೇಲೆ ಅಂಗಡಿಯ ಬಣ್ಣದಲ್ಲಿ ಬರೆದ ಅದೇ ಮುಖ ತೂಗುತ್ತಿರುವುದನ್ನು ವಾಚಕರು ಕಂಡೇ ಇದ್ದೀರಿ.

ಈ ಕಾಯಿಗೇ ಏಕೆ ಈ ಪಟ್ಟ? ಬೂದುಗುಂಬಳ ಏಷ್ಯಾದ ಬಳ್ಳಿ, ಸಂಸ್ಕೃತದ ಕೂಷ್ಮಾಂಡ. ಕಾಳಿಕಾಪುರಾಣವು ಬಲಿದ್ರವ್ಯಗಳಲ್ಲಿ ಕೂಷ್ಮಾಂಡವನ್ನೂ ಕಬ್ಬನ್ನೂ ಸೇರಿಸಿದೆ. ಪ್ರಾಣಿಯ ಕೊರಳಿಗೆ ಬೀಳಬೇಕಾದ ಕತ್ತಿ ಕಾಯಿಯ ಮೇಲೆ ಬಿತ್ತು. ಆಯುಧಪೂಜೆಯಲ್ಲಿ ಕಾಯಿಗೆ ಕುಂಕುಮ ತುಂಬಿ ಒಡೆಯುವುದೂ, ಅರಿಸಿನದ ನೀರಿಗೆ ಸುಣ್ಣ ಬೆರೆಸಿ ಕೆಂಪಾಗಿಸುವುದೂ ನೆತ್ತರಿನ ನೆನಪೇ. (ಒಡೆದದ್ದನ್ನು ರಸ್ತೆಯಲ್ಲೇ ಬಿಟ್ಟು, ಸ್ಕೂಟರಿನವನು ಜಾರಿಬಿದ್ದು ನಿಜವಾದ ನೆತ್ತರೇ ಹರಿದರೆ, ಬಲಿ ತಪ್ಪಿಸಿದ ಪುಣ್ಯ ಎಲ್ಲಿ ಉಳಿಯಿತು?) ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಹಾಕಬಾರದೆಂದು ನಮ್ಮ ಅಜ್ಜಿ ಗಂಡಸರನ್ನು ಕೂಗುತ್ತಿದ್ದಳು. ತರಕಾರಿ ಹೆಚ್ಚುವಾಗಲೂ ಅದೊಂದು ಜೀವವೆಂಬ ಅಳುಕು. ಮುಖ ಬರೆದ ಕಾಯಿಯ ಅರ್ಥವೂ ಅಷ್ಟೆ: ಬೀಳುವ ಕಣ್ಣು, ಬೀಳುವ ಪೆಟ್ಟು ಇದರ ಮೇಲೆ ಬೀಳಲಿ, ಒಳಗಿನವರ ಮೇಲೆ ಬೇಡ.

ಮೊಮ್ಮಗಳ ಮುಂದಿದ್ದ ಸಿಹಿಗುಂಬಳದ ಚರಿತ್ರೆ ಬೇರೆ. ಅದು ಅಮೆರಿಕದ ಬಳ್ಳಿ. ಮೆಕ್ಸಿಕೋದ ಒಂದು ಗುಹೆಯಲ್ಲಿ ಸುಮಾರು 10,000 ವರ್ಷಗಳ ಹಿಂದಿನ ಅದರ ಕುಲದ ಬೀಜಗಳು ಸಿಕ್ಕಿವೆ. 1492ರಲ್ಲಿ ಕೊಲಂಬಸನ ಹಡಗು ಆ ಕಡೆಯ ದಾರಿ ತೆರೆದ ಮೇಲೆಯೇ ಅದು ಇತ್ತ ಬಂದು ನಮ್ಮ ಹುಳಿಗೂ ಪಲ್ಯಕ್ಕೂ ಒಗ್ಗಿಕೊಂಡದ್ದು. ಹ್ಯಾಲೋವೀನ್ ಹುಟ್ಟಿದ ಐರ್ಲೆಂಡಿನಲ್ಲಿ ಮೊದಲು ಕುಂಬಳವೇ ಇರಲಿಲ್ಲ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ರಾತ್ರಿ ಪ್ರೇತಗಳು ಸುಳಿಯುತ್ತವೆಂದು ಅವರು ಟರ್ನಿಪ್ ಗಡ್ಡೆಯನ್ನು ಕೊರೆದು, ಮುಖ ಮಾಡಿ, ಒಳಗೆ ದೀಪವಿಡುತ್ತಿದ್ದರು. ಅಂಥದೊಂದು ಗಡ್ಡೆಯ ಅಚ್ಚು ಅಲ್ಲಿಯ ಕ್ಯಾಸಲ್‌ಬಾರ್‌ನ ವಸ್ತುಸಂಗ್ರಹಾಲಯದಲ್ಲಿದೆ. ಸುಕ್ಕುಗಟ್ಟಿದ ಆ ಮೋರೆಯ ಮುಂದೆ ನಮ್ಮ ರಾಕ್ಷಸ ಸೌಮ್ಯನೇ. 1845ರ ಆಲೂಗಡ್ಡೆ ಕ್ಷಾಮದ ನಂತರ ಲಕ್ಷಾಂತರ ಐರಿಷರು ಅಮೆರಿಕಕ್ಕೆ ಹೋದಾಗ ಗಡ್ಡೆಯ ಜಾಗಕ್ಕೆ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳ ಬಂದಿತು. ಕೊರೆದ ಕಾಯಿ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ, ಮಕ್ಕಳ ಕೈಗೆ ಚೂರಿ ಕೊಡಲಾಗದು. ಆದ್ದರಿಂದ ಈಗ ಕುಂಚ, ಬಣ್ಣ. ಕೊರೆಯುವುದನ್ನು ಬಿಟ್ಟು ಬರೆಯಲು ಹಿಡಿದ ಪಶ್ಚಿಮದವರು ನಮ್ಮ ಮೇಸ್ತ್ರಿಯ ದಾರಿಗೇ ಬಂದರೆನ್ನಬಹುದು.

ಹಬ್ಬದ ಹೊತ್ತೂ ಹತ್ತಿರದ್ದೇ. ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರಿಗೆ ಎಣ್ಣೆ, ಅಕ್ಕಿ, ಕಾಯಿ ಕೊಟ್ಟು ಕಳಿಸುವ ಪದ್ಧತಿ ಮಲೆನಾಡಿನದು. ಅಲ್ಲಿಯ ಮಕ್ಕಳು ಮಿಠಾಯಿ ಕೇಳಿಕೊಂಡು ಬಾಗಿಲು ಬಡಿಯುತ್ತಾರೆ.

ಇದನ್ನೆಲ್ಲ ಮೂಢನಂಬಿಕೆಯೆಂದು ನಗುವವರಲ್ಲಿ ನಾನೂ ಒಬ್ಬನಾಗಿದ್ದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆಗಳು ಹೋದವು. ಊರಿನಲ್ಲಿ ನನ್ನ ತಮ್ಮನ ಮನೆಯ ಹಿಂದಿನ ದರೆಯೂ ಜರಿಯಿತು. ಅಡಿಗೆಮನೆ ಹೋಯಿತು; ಜನ ಉಳಿದರು. ಅವನು ದರೆ ಕಡಿಯದೆ, ಗುಡ್ಡದಿಂದ ದೂರ, ಚಿಕ್ಕದೊಂದು ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಹೋದಾಗ ಮಾಡಿನ ಅಂಚಿನಲ್ಲಿ ಮೀಸೆಯ ರಾಕ್ಷಸ ತೂಗುತ್ತಿದ್ದ.

"ಗುಡ್ಡ ಬಂದರೆ ಈ ಕುಂಬಳಕಾಯಿ ತಡೆಯುತ್ತದೇನೋ?" ಎಂದೆ.

ಅವನು ಸಿಟ್ಟಾಗಲಿಲ್ಲ. "ತಡೆಯಲ್ಲ ಅಣ್ಣಯ್ಯ. ಅದಕ್ಕೇ ಮನೆ ಇತ್ಲಾಗೆ ತಂದಿದ್ದು. ಆದ್ರೆ ರಾತ್ರಿ ಮಳೆ ಹಿಡಿದಾಗ ಯಾರಿಗೂ ನಿದ್ದೆ ಬರಲ್ಲ. ಹೊರಗೆ ಒಬ್ಬ ಕಣ್ಣು ಬಿಟ್ಕೊಂಡು ಇದಾನೆ ಅಂದ್ರೆ ಮಕ್ಕಳು ಮಲಗ್ತಾವೆ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕತ್ತಲೆಗೆ ಮುಖವಿಲ್ಲ, ಕುಸಿಯುವ ಗುಡ್ಡಕ್ಕೂ ಇಲ್ಲ. ಮುಖವಿಲ್ಲದ್ದಕ್ಕೆ ಹೆದರಿದವನು ತಾನೇ ಒಂದು ಮುಖ ಬರೆದು ಬಾಗಿಲಲ್ಲಿಟ್ಟು, ಅದರ ಹಿಂದೆ ನಿದ್ದೆ ಮಾಡುತ್ತಾನೆ. ಐರ್ಲೆಂಡಿನವನು ಮಾಡಿದ್ದೂ ಜಾವಳಿಯವನು ಮಾಡಿದ್ದೂ ಅದನ್ನೇ.

ಲೋಟ ಕೆಳಗಿಟ್ಟು ಮೊಮ್ಮಗಳ ಪಕ್ಕದಲ್ಲಿ ಕುಳಿತೆ. "ನಮ್ಮೂರಲ್ಲೂ ಮಾಡ್ತಿದ್ವಮ್ಮ. ನಿನ್ನದಕ್ಕೆ ಒಂದು ಕಡಮೆ ಇದೆ" ಎಂದೆ.

"ಏನಜ್ಜ?"

"ಮೀಸೆ."

ಕುಂಚವನ್ನು ನನ್ನ ಕೈಗೇ ಕೊಟ್ಟಳು. ಸಂಜೆ ಹೊಸ್ತಿಲ ಹಣತೆಗಳ ನಡುವೆ ಅವಳ ಕುಂಬಳಕಾಯಿ, ನಮ್ಮ ಮೇಸ್ತ್ರಿಯ ಮೀಸೆ ಹೊತ್ತು, ಕಣ್ಣು ಬಿಟ್ಟುಕೊಂಡು ಕುಳಿತಿತ್ತು.